ಚಂದ್ರವಳ್ಳಿಯ ಬಂಡೆಯ ಮೇಲೆ ಒಂದು ಹೆಜ್ಜೆ

ಚಪ್ಪಲಿ ಮೊದಲು ಒಂದು ಕಲ್ಲಿಗೆ ಬಡಿಯಿತು. ಆಮೇಲೆ ಇನ್ನೊಂದು ಕಲ್ಲಿಗೆ. ಕೊನೆಗೆ ನೀರಿಗೆ ಬಿತ್ತು.

ಅಷ್ಟೇ ಸದ್ದು. ಬಿದ್ದದ್ದು ಚಪ್ಪಲಿ ಮಾತ್ರ. ಆದರೂ ಆ ಭಾನುವಾರದಿಂದ ಅದು ನನ್ನ ಕಿವಿ ಬಿಟ್ಟು ಹೋಗಿಲ್ಲ. ಕುಕ್ಕರಿನ ಮುಚ್ಚಳ ಕೈಜಾರಿದರೂ ಬೆಚ್ಚುತ್ತೇನೆ. ಬಸ್ಸಿನಲ್ಲಿ ಕೂತಾಗ, ಹಲ್ಲುಜ್ಜುವಾಗ, ಈಗ ಈ ಅಂಕಣ ಬರೆಯುವಾಗಲೂ ಅದೇ. ಕಲ್ಲು, ಕಲ್ಲು, ನೀರು.

ಮೊದಲಿನಿಂದ ಹೇಳುತ್ತೇನೆ.

ನನ್ನ ತಂಗಿಯ ಮಗ ಮಂಜು ಹೊಳಲ್ಕೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಅಂಗಡಿಯ ಎದುರಿಗೇ ಒಂದು ಲ್ಯಾಬ್. ಅಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ ಸಿಂಧು, ಹೊಸದುರ್ಗದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಬಿಸಿಲಿಗೆ ಓಆರ್‌ಎಸ್ ಪ್ಯಾಕೆಟ್ ಕೇಳಿಕೊಂಡು ಬಂದಾಗ ಶುರುವಾದ ಪರಿಚಯ ನಿಧಾನಕ್ಕೆ ಎರಡೂ ಮನೆಯವರ ಕಿವಿಗೆ ಬಿದ್ದಿತ್ತು. ಯಾರದೂ ತಕರಾರಿರಲಿಲ್ಲ. ಹಿರಿಯರು ಫೋನಿನಲ್ಲೇ ಅರ್ಧ ಮದುವೆ ಮುಗಿಸಿದ್ದರು. (ಛತ್ರ ಯಾವುದು ಅನ್ನುವುದರ ಬಗ್ಗೆ ಒಂದು ಸಣ್ಣ ಜಗಳವೂ ಆಗಿತ್ತು.)

ಬಾಕಿ ಇದ್ದದ್ದು ಒಂದೇ. ಸಿಂಧು ಇನ್ನೂ ಹ್ಞೂಂ ಅಂದಿರಲಿಲ್ಲ.

ಕೇಳಿದ್ದರೆ ತಾನೇ ಹ್ಞೂಂ ಅನ್ನುವುದು? ಮಂಜುವಿಗಿಂತ ಮೊದಲು ಬೇರೆ ಕಡೆಯವರು ಅವಳನ್ನು ನೋಡಲು ಬಂದಿದ್ದರಂತೆ. ಅಡುಗೆ ಬರುತ್ತಾ, ಹಾಡು ಬರುತ್ತಾ, ಮದುವೆಯಾದ ಮೇಲೆ ಕೆಲಸಕ್ಕೆ ಹೋಗುವುದು ಯಾಕೆ ಎಂದೆಲ್ಲ ವಿಚಾರಿಸಿದರಂತೆ. 'ಎಲ್ಲಾ ಕೇಳಿದ್ರು. ನಿನಗೆ ಇಷ್ಟ ಐತಾ ಅಂತ ಒಬ್ರೂ ಕೇಳ್ಲಿಲ್ಲ' ಎಂದು ಒಂದು ದಿನ ಅಂಗಡಿ ಮುಂದೆ ನಿಂತು ಹೇಳಿ ನಕ್ಕಳಂತೆ.

ಅವಳು ನಕ್ಕು ಹೋದಳು. ಇವನು ನಿದ್ದೆಗೆಟ್ಟ.

'ನಾನು ಕೇಳ್ತೀನಿ ದೊಡ್ಡಮ್ಮ. ಸರಿಯಾಗಿ ಕೇಳ್ತೀನಿ' ಎಂದು ನಮ್ಮ ಮನೆಗೆ ಬಂದ.

'ಕೇಳಪ್ಪ. ಅದಕ್ಕೆ ನಾನ್ಯಾಕೆ?'

'ಪ್ರಪೋಸ್ ಮಾಡ್ಬೇಕು. ಪಾರ್ಕಲ್ಲಿ. ಸರ್ಪ್ರೈಸ್ ಆಗಿ. ಆದ್ರೆ ದೊಡ್ಡೋರು ಯಾರಾದ್ರೂ ಜೊತೇಲಿದ್ರೆ ಮಾತ್ರ ಕಳಿಸ್ತೀನಿ ಅಂತ ಅವರಮ್ಮ ಅಂದವ್ರೆ.'

ಹೀಗೆ ನಾನು ಒಂದು ಪ್ರೇಮ ಪ್ರಸಂಗಕ್ಕೆ ದೊಡ್ಡೋರಾಗಿ ನೇಮಕಗೊಂಡೆ. ನಮ್ಮ ಕಾಲದಲ್ಲಿ ಇಂಥ ಕೆಲಸವೇ ಇರಲಿಲ್ಲ!

ಜಾಗ ಯಾವುದು? ಕೋಟೆಯಲ್ಲಿ ಜನ ಜಾಸ್ತಿ. ಮಾರಿಕಣಿವೆ ಅಣೆಕಟ್ಟು ಚೆನ್ನಾಗಿದೆ, ಆದರೆ ಸಿಂಧುವಿನ ಸೋದರಮಾವ ಇರುವುದು ಪಕ್ಕದ ಹಿರಿಯೂರಿನಲ್ಲಿ. ಜೋಗಿಮಟ್ಟಿ ಬೆಟ್ಟದಲ್ಲಿ ಗಾಳಿ, ಕೂದಲು ಮುಖಕ್ಕೆ ಬರುತ್ತದೆ. ಕೊನೆಗೆ ಚಂದ್ರವಳ್ಳಿ ನಿಕ್ಕಿಯಾಯಿತು. ಬಂಡೆ, ಕೆರೆ, ಹಿಂದೆ ಗುಡ್ಡ. ಬೆಳಗಿನ ಹೊತ್ತು ನೀರಿನ ಮೇಲೆ ಬಿಸಿಲು ಬಿದ್ದರೆ ಎಂಥವರಿಗೂ ಮದುವೆಯಾಗುವ ಮನಸ್ಸಾಗಬೇಕು.

ಹಿಂದಿನ ವಾರವೇ ಹೋಗಿ ಜಾಗ ನೋಡಿಕೊಂಡು ಬಂದೆವು. ಜೊತೆಗೆ ಮಂಜುವಿನ ಗೆಳೆಯ ಇಮ್ರಾನ್ ಇದ್ದ. ಮದುವೆಗಳ ಫೋಟೊ ತೆಗೆಯುವವನು, ಬೆಳಕಿನ ಲೆಕ್ಕ ಅವನಿಗೆ ಬಿಟ್ಟದ್ದು. ಕೆರೆಯ ಪಕ್ಕ, ನೀರಿನ ಕಡೆಗೆ ಚಾಚಿಕೊಂಡ ಒಂದು ಅಗಲ ಬಂಡೆ ಸಿಕ್ಕಿತು. ಮಂಜು ಜೇಬಿನಿಂದ ಸೀಮೆಸುಣ್ಣ ತೆಗೆದು ಎರಡು ಗುರುತು ಹಾಕಿದ. ಇಲ್ಲಿ ಅವಳು ನಿಲ್ಲಬೇಕು, ಇಲ್ಲಿ ನಾನು ಮಂಡಿಯೂರಬೇಕು ಎಂದ. ಫ್ರೇಮಿನಲ್ಲಿ ಅವಳ ಹಿಂದೆ ನೀರು ಬಿಟ್ಟು ಬೇರೇನೂ ಕಾಣಬಾರದು.

'ಮಂಡಿ ಊರಲೇಬೇಕೇನೋ?' ಎಂದೆ.

'ಊರ್ಲೇಬೇಕು ದೊಡ್ಡಮ್ಮ. ಎಲ್ಲಾರೂ ಹಂಗೇ ಮಾಡೋದು.'

'ಎಲ್ಲಾರೂ ಅಂದ್ರೆ ಯಾರು?'

'ಫೋನಲ್ಲಿ ಬರೋರು' ಎಂದ ಇಮ್ರಾನ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಆ ದಿನ ನಾವು ಯೋಚಿಸದ ಅಪಾಯವೇ ಇರಲಿಲ್ಲ. ಮಳೆ ಬಂದರೆ? ಕೊಡೆ. ಶಾಲಾ ಮಕ್ಕಳ ಪ್ರವಾಸ ಬಂದರೆ? ಕಾಯುವುದು. ನಡುವೆ ಅವಳ ತಾಯಿಯ ಫೋನ್ ಬಂದರೆ? ನಾನು ಮಾತಾಡುವುದು. ಕೋತಿಗಳು ಬಂದು ಉಂಗುರದ ಡಬ್ಬಿ ಕಿತ್ತುಕೊಂಡರೆ? ಇದರ ಚರ್ಚೆಯೇ ಬಹಳ ಹೊತ್ತು ನಡೆಯಿತು. ಚಂದ್ರವಳ್ಳಿಯ ಕೋತಿಗಳನ್ನು ಬಲ್ಲವರಿಗೆ ಇದು ತಮಾಷೆಯಲ್ಲ. ಕಡಲೆಕಾಯಿಯ ಚೀಲ ತಂದು ಅತ್ತ ಮರದ ಬುಡದಲ್ಲಿ ಸುರಿಯುವುದು ಎಂದು ತೀರ್ಮಾನವಾಯಿತು.

ಕೋತಿಗೂ ಪ್ಲಾನ್ ಇತ್ತು. ಇದಕ್ಕಿಂತ ಇನ್ನೇನು ಬೇಕು?

ಭಾನುವಾರ ಬಂತು. ಸಿಂಧು ಹಳದಿ ಚೂಡಿದಾರ್ ಹಾಕಿಕೊಂಡು ಬಂದಿದ್ದಳು. ಕಾಲಿಗೆ ಹೊಸ ಚಪ್ಪಲಿ. ಏನೂ ಗೊತ್ತಿಲ್ಲದವಳ ಹಾಗೆ ನನ್ನ ಪಕ್ಕ ನಡೆದಳು. (ಗೊತ್ತಿತ್ತು. ಕ್ಯಾಮೆರಾ ಹಿಡಿದುಕೊಂಡು ಯಾರು ಸುಮ್ಮನೆ ವಾಕಿಂಗ್ ಬರುತ್ತಾರೆ?) ಕೋತಿಗಳು ಕಡಲೆಕಾಯಿಗೆ ಮುತ್ತಿಕೊಂಡವು. ಗಾಳಿ ಇರಲಿಲ್ಲ. ನೀರು ಕನ್ನಡಿಯ ಹಾಗಿತ್ತು.

'ಅಮ್ಮ, ನೀವು ಆ ಮರದ ಕೆಳಗೆ ಕುಂತ್ಕಳ್ರಿ, ಫ್ರೇಮಿಗೆ ಬರ್ತೀರಿ' ಎಂದು ಇಮ್ರಾನ್ ನನ್ನನ್ನು ದೂರ ಕೂರಿಸಿದ.

'ಸಿಂಧು, ಇಲ್ಲಿ ನಿಂತ್ಕಳ್ರಿ. ಒಂದ್ ಫೋಟೊ' ಎಂದ ಮಂಜು.

ಅವಳು ಸೀಮೆಸುಣ್ಣದ ಗುರುತಿನ ಮೇಲೆ ಬಂದು ನಿಂತಳು. ಬೆನ್ನು ಕೆರೆಗೆ. ಮುಖ ನಮಗೆ. ತುಂಬಾ ಚೆನ್ನಾಗಿ ಕಾಣುತ್ತಿದ್ದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು.

ಮಂಜು ಜೇಬಿಗೆ ಕೈಹಾಕಿ, ಥಟ್ಟನೆ ಅವಳ ಮುಂದೆ ಮಂಡಿಯೂರಿದ.

ಓದುಗರೇ, ಒಂದು ಮಾತು ಕೇಳುತ್ತೇನೆ. ವಯಸ್ಸಿನಲ್ಲಿ ದೊಡ್ಡವರು ನಿಮ್ಮ ಕಾಲ ಬಳಿ ಬಗ್ಗಿದರೆ ನೀವು ಏನು ಮಾಡುತ್ತೀರಿ? ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದ್ದರೂ ಸರಿ. 'ಅಯ್ಯೋ' ಎಂದು ಹಿಂದೆ ಸರಿಯುತ್ತೀರಿ. ಯೋಚನೆ ಮಾಡಿ ಸರಿಯುವುದಿಲ್ಲ. ದೊಡ್ಡವರು ನಮ್ಮ ಕಾಲು ಮುಟ್ಟಬಾರದು ಎಂದು ನಮ್ಮ ಕಾಲುಗಳಿಗೇ ಗೊತ್ತು. ನಡೆಯುವುದನ್ನು ಕಲಿತಾಗಲೇ ಅದನ್ನೂ ಕಲಿತಿರುತ್ತೇವೆ.

ಮಂಜು ಅವಳಿಗಿಂತ ದೊಡ್ಡವನು.

'ಅಯ್ಯೋ ಬ್ಯಾಡ್ರಿ!' ಎಂದು ಸಿಂಧು ಒಂದು ಹೆಜ್ಜೆ ಹಿಂದೆ ಇಟ್ಟಳು.

ಅವಳ ಹಿಂದೆ ಇದ್ದದ್ದೂ ಒಂದು ಹೆಜ್ಜೆಯಷ್ಟೇ ಬಂಡೆ. ಅದರಾಚೆಗೆ ಎರಡಾಳು ಕೆಳಗೆ ಕಲ್ಲುಗಳು. ಕಲ್ಲುಗಳಾಚೆ ನೀರು.

ಹಿಮ್ಮಡಿ ಅಂಚಿಗೆ ಬಂತು. ಜಾರಿತು. ಎರಡೂ ಕೈ ಮೇಲೆ ಹೋದವು. ನಾನು ಎದ್ದು ನಿಂತಿದ್ದೆ. ಅವಳ ಮುಖ ಮಾತ್ರ ಕಂಡಿತು. ಹೆದರಿಕೆ ಇನ್ನೂ ಬಂದಿರಲಿಲ್ಲ. ನಾಚಿಕೆ ಇನ್ನೂ ಹೋಗಿರಲಿಲ್ಲ. ಆ ಮುಖವೇ ನನಗೆ ಈಗಲೂ ಕಣ್ಣಿಗೆ ಕಟ್ಟುವುದು.

ಮಂಜು ಹೊಟ್ಟೆಯ ಮೇಲೆ ಬಿದ್ದ. ಬಿದ್ದವನು ಬಂಡೆಯ ಮೇಲಿದ್ದ ಅವಳ ಕಾಲು ಹಿಡಿದ. ಎರಡೂ ಕೈಯಲ್ಲಿ, ಪಾದದ ಗಂಟನ್ನು, ಬಲವಾಗಿ. ಅವಳು ಧಡ್ ಎಂದು ಬಂಡೆಯ ಅಂಚಿನ ಮೇಲೆ ಕುಸಿದು ಕೂತಳು. ಜಾರಿದ ಇನ್ನೊಂದು ಕಾಲು ಅಂಚಿನಾಚೆ ಗಾಳಿಯಲ್ಲಿ ತೂಗಾಡಿತು. ಆ ಕಾಲಿನ ಚಪ್ಪಲಿ ಕಳಚಿಕೊಂಡಿತು.

ಕಲ್ಲು, ಕಲ್ಲು, ನೀರು.

ಇಮ್ರಾನ್ ಕ್ಯಾಮೆರಾ ಎಸೆದು ಓಡಿಬಂದು ಅವಳ ಭುಜ ಹಿಡಿದ. ಇಬ್ಬರೂ ಸೇರಿ ಈಚೆಗೆ ಎಳೆದುಕೊಂಡರು. ಕೋತಿಗಳು ಕಡಲೆಕಾಯಿ ಸುಲಿಯುವ ಸದ್ದು ಅಷ್ಟು ದೂರದಿಂದಲೂ ಕೇಳುತ್ತಿತ್ತು.

'ನನ್ ಚಪ್ಪಲಿ' ಎಂದಳು ಸಿಂಧು. ಮೊದಲ ಮಾತು ಅದು.

ಸ್ವಲ್ಪ ಹೊತ್ತಿನ ಮೇಲೆ, 'ಏನ್ರಿ ಮಂಜು, ನನ್ ಕಾಲಿಗ್ಯಾಕೆ ಬೀಳಾಕೆ ಬಂದ್ರಿ?' ಎಂದಳು.

'ಬೀಳಾಕಲ್ಲ. ಕೇಳಾಕೆ.' ಅವನ ಮೊಣಕೈ ತರಚಿ ರಕ್ತ ಬರುತ್ತಿತ್ತು. 'ನಿಮಗೆ ಇಷ್ಟ ಐತಾ ಅಂತ.'

ಈಗಲೂ ಕೇಳುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು. ಅವಳು ಅವನ ಮೊಣಕೈ ನೋಡಿದಳು. ಅಂಚಿನ ಕಡೆ ನೋಡಿದಳು. ಆಮೇಲೆ ಆ ಸೀಮೆಸುಣ್ಣದ ಗುರುತು ಅವಳ ಕಣ್ಣಿಗೆ ಬಿತ್ತು. ತಾನು ನಿಲ್ಲಬೇಕಾದ ಜಾಗವನ್ನು ಮೊದಲೇ ಬರೆದಿಟ್ಟಿದ್ದಾರೆ ಎಂದು ತಿಳಿಯಿತು. ಮುಖ ಗಂಭೀರವಾಯಿತು.

'ಇಲ್ಲಿ ಹೇಳಲ್ಲ' ಎಂದಳು. 'ಈಗ ನಾನು ಹ್ಞೂಂ ಅಂದ್ರೆ ಕಾಲು ಹಿಡಿದಿದ್ದಕ್ಕೆ ಅಂದಂಗಾಗುತ್ತೆ. ಇಲ್ಲ ಅನ್ನಾಕೂ ಆಗಲ್ಲ, ಜೀವ ಉಳಿಸಿದೀರಿ. ಮನೆಗೆ ಬಂದು ಕೇಳ್ರಿ. ನಾನು ಗೋಡೆಗೆ ಒರಗಿ ಕುಂತಿರ್ತೀನಿ.'

ಮಂಜು ತಲೆಯಾಡಿಸಿದ. ಉಂಗುರದ ಡಬ್ಬಿ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿತ್ತು, ಇಮ್ರಾನ್ ಎತ್ತಿಕೊಟ್ಟ. ಮಂಜು ತನ್ನ ಚಪ್ಪಲಿಗಳನ್ನು ಅವಳಿಗೆ ಕೊಟ್ಟು ಗೇಟಿನವರೆಗೆ ಬರಿಗಾಲಲ್ಲಿ ನಡೆದ. ಅವಳು ಆ ದೊಡ್ಡ ಚಪ್ಪಲಿಗಳಲ್ಲಿ ಟಪ ಟಪ ಎಂದು ಮುಂದೆ ನಡೆದಳು. ಹಿಂತಿರುಗಿ ನೋಡಲಿಲ್ಲ.

ಚಪ್ಪಲಿ ಎಲ್ಲಿ ಎಂದು ತಾಯಿ ಕೇಳಿದ್ದಕ್ಕೆ ಕೋತಿ ಒಯ್ತು ಎಂದಳಂತೆ. (ಅವರು ಈ ಅಂಕಣ ಓದುತ್ತಾರೆ. ಅಮ್ಮಾ, ಕ್ಷಮಿಸಿ. ಕೋತಿಯದೇನೂ ತಪ್ಪಿಲ್ಲ.)

ಮನೆಗೆ ಬಂದು ಚಹಾ ಮಾಡಿಟ್ಟುಕೊಂಡು ಕೂತೆ. ಅದು ಆರಿಹೋಗುವವರೆಗೂ ಲೆಕ್ಕ ಹಾಕಿದೆ. ನಾವು ಮೂವರೂ ಓದಿದವರು. ಬೆಳಕು ನೋಡಿದೆವು, ಗಾಳಿ ನೋಡಿದೆವು, ಕೋತಿ ನೋಡಿದೆವು. ಯಾರಿಗಾಗಿ ಇದೆಲ್ಲವೋ ಅವಳ ಬೆನ್ನ ಹಿಂದೆ ಏನಿದೆ ಎಂದು ನೋಡಲಿಲ್ಲ. ಅಲ್ಲ, ನೋಡಿದ್ದೆವು. ನೀರು ಚೆನ್ನಾಗಿ ಕಾಣುತ್ತದೆ ಎಂದು ನೋಡಿದ್ದೆವು.

ಸರ್ಪ್ರೈಸ್ ಅಂದರೆ ಏನು? ಎದುರಿಗಿರುವವರು ಬೆಚ್ಚಬೇಕು. ಬೆಚ್ಚಿದವರು ಹಿಂದೆ ಸರಿಯುತ್ತಾರೆ. ಇಷ್ಟು ಸರಳ ಸಂಗತಿ ನಮಗೆ ಹೊಳೆಯಲಿಲ್ಲ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಮುಂದೆ ಬರುತ್ತಾಳೆ ಎಂದೇ ನಮ್ಮ ಪ್ಲಾನಿನಲ್ಲಿತ್ತು.

ಮುಂದಿನ ಭಾನುವಾರ ಹೊಸದುರ್ಗಕ್ಕೆ ಹೋದೆವು. ಮಂಜು, ನನ್ನ ತಂಗಿ, ನಾನು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕೇಸರಿಬಾತ್ ಬಂದವು. ಸಿಂಧು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹೇಳಿದಂತೆಯೇ.

ಹಿರಿಯೂರಿನಿಂದ ಬಂದಿದ್ದ ಸೋದರಮಾವ ಬಜ್ಜಿ ಮುಗಿಸಿ ಕೈ ಒರೆಸಿಕೊಂಡರು. 'ಮತ್ತೇನೈತೆ? ನಮಗೂ ಒಪ್ಪಿಗೆ, ನಿಮಗೂ ಒಪ್ಪಿಗೆ. ದಿನ ನೋಡಾಣ.'

'ಇನ್ನೂ ಒಬ್ರನ್ನ ಕೇಳಿಲ್ಲ ಮಾವ' ಎಂದ ಮಂಜು.

'ಯಾರಪ್ಪ ಅದು ಉಳಿದೋರು?' ಎಂದು ಅವರು ಬಾಗಿಲ ಕಡೆ ನೋಡಿದರು.

ಮಂಜು ಕುರ್ಚಿಯಿಂದ ಏಳಲಿಲ್ಲ. ಮಂಡಿಯೂರಲಿಲ್ಲ. ಉಂಗುರವನ್ನೂ ತೆಗೆಯಲಿಲ್ಲ. 'ಸಿಂಧು, ನನ್ನ ಮದುವೆ ಆಗಾಕೆ ನಿಮಗೆ ಇಷ್ಟ ಐತಾ? ಇಲ್ಲ ಅಂದ್ರೂ ನಾವು ಕೇಸರಿಬಾತ್ ತಿಂದು ಖುಷಿಯಾಗೇ ಹೋಗ್ತೀವಿ. ಹೋದ ಭಾನುವಾರದ್ದು ಲೆಕ್ಕಕ್ಕಿಲ್ಲ.'

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹೋದ ಭಾನುವಾರ ಏನಾಯಿತು ಎಂದು ಮಾವ ನನ್ನ ಮುಖ ನೋಡಿದರು. ನಾನು ಮಂಡಕ್ಕಿ ನೋಡಿದೆ.

ಸಿಂಧು ಬಹಳ ಹೊತ್ತು ತೆಗೆದುಕೊಂಡಳು. ನನ್ನ ತಂಗಿ ಎರಡು ಸಲ ಕೆಮ್ಮಿದಳು. ಅವಸರ ಮಾಡಬೇಡ ಎಂದು ನಾನು ಅವಳ ತೊಡೆ ಚಿವುಟಿದೆ.

'ಕೆಲಸ ಬಿಡಲ್ಲ' ಎಂದಳು ಸಿಂಧು.

'ಬಿಡ್ಬೇಡ್ರಿ.'

'ಇನ್ಮೇಲೆ ಸರ್ಪ್ರೈಸ್ ಮಾಡಂಗಿಲ್ಲ.'

'ಖಂಡಿತಾ ಇಲ್ಲ.'

'ಚಪ್ಪಲಿ ಕೊಡಿಸ್ಬೇಕು.'

'ಹ್ಞೂಂ.'

'ಹಂಗಾದ್ರೆ ನಂದೂ ಹ್ಞೂಂ' ಎಂದಳು. ಗೋಡೆ ಬಿಟ್ಟು ಸ್ವಲ್ಪ ಮುಂದೆ ಬಂದು ಕೂತು ಕೇಸರಿಬಾತಿನ ತಟ್ಟೆ ಎತ್ತಿಕೊಂಡಳು. ಅಲ್ಲಿಯವರೆಗೆ ಅವಳು ಅದನ್ನು ಮುಟ್ಟಿಯೇ ಇರಲಿಲ್ಲ.

ಮದುವೆ ನಡೆಯುತ್ತದೆ. ಛತ್ರದ ಜಗಳವೂ ನಡೆಯುತ್ತದೆ. ಇಮ್ರಾನನ ಕ್ಯಾಮೆರಾ ರಿಪೇರಿಗೆ ಹೋಗಿದೆ. ಅದರೊಳಗೆ ಆ ವಿಡಿಯೊ ಇನ್ನೂ ಇದೆಯಂತೆ, ನೋಡ್ತೀರಾ ಎಂದು ಕೇಳಿದ. ಬೇಡಪ್ಪಾ ಎಂದೆ. ನನಗೆ ವಿಡಿಯೊ ಬೇಕಿಲ್ಲ, ಕಣ್ಣು ಮುಚ್ಚಿದರೆ ಸಾಕು.

ಆದರೆ ಈಗ ಎಲ್ಲಿ ಹೋದರೂ ನನ್ನ ಕಣ್ಣು ಜನರ ಮುಖಕ್ಕಿಂತ ಮೊದಲು ಅವರ ಹಿಮ್ಮಡಿಗೆ ಹೋಗುತ್ತದೆ. ಮಗನನ್ನು ಎಲ್ಲರೆದುರು ಯಾವ ಕೋರ್ಸ್ ಸೇರುತ್ತೀಯ ಎಂದು ಕೇಳುವ ಅಪ್ಪ, ನೆಂಟರ ನಡುವೆ ಸೊಸೆಯ ಒಪ್ಪಿಗೆ ಕೇಳುವ ಅತ್ತೆ, ಮೀಟಿಂಗಿನಲ್ಲಿ 'ಭಾನುವಾರ ಬರ್ತೀರಲ್ವಾ' ಎನ್ನುವ ಬಾಸ್. ಎಲ್ಲರೂ ಕೇಳುತ್ತಾರೆ, ನಗುತ್ತಲೇ ಕೇಳುತ್ತಾರೆ.

ಕೇಳಿಸಿಕೊಂಡವರಿಗೆ ಒಂದು ಹೆಜ್ಜೆ ಹಿಂದೆ ಸರಿಯಲು ಜಾಗವಿದೆಯೇ ಎಂದು ನೋಡಿದ್ದೀರಾ?