ಅಮ್ಮನ ಹುಳಿಪುಡಿಗೆ ನನ್ನ ಮೂಗು

ರಾಜಾಜಿನಗರದ ನಮ್ಮ ಮನೆಯಲ್ಲಿ ವರ್ಷಕ್ಕೆ ಬೇಕಾದ ಹುಳಿಪುಡಿಯನ್ನು ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಮಾಡುತ್ತಿದ್ದರು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ನಾನು. ಅಪ್ಪ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಾನು ಏಳನೇ ಕ್ಲಾಸು.

ಅಜ್ಜಿ ಅಡುಗೆಮನೆಯನ್ನು ಅಮ್ಮನಿಗೆ ಬಿಟ್ಟುಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಬಿಟ್ಟುಕೊಟ್ಟ ಮೇಲೆ ಒಳಗೆ ಇಣುಕಿದವರಲ್ಲ. ಉಪ್ಪು ಹೆಚ್ಚಾದ ದಿನವೂ ಸುಮ್ಮನೆ ಇನ್ನೊಂದಿಷ್ಟು ಅನ್ನ ಹಾಕಿಸಿಕೊಂಡು ಊಟ ಮುಗಿಸುತ್ತಿದ್ದರು. ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಹೂಬತ್ತಿ ಮಾಡುವುದು, ಬೀದಿ ನೋಡುವುದು, ಇಷ್ಟೇ ಅವರ ದಿನಚರಿ. ಅತ್ತೆ ಸೊಸೆ ಜಗಳವಾಡಿದ್ದನ್ನು ನಾನು ನೋಡಿಲ್ಲ. ಕೂತು ಮಾತಾಡಿದ್ದನ್ನೂ ಅಷ್ಟಾಗಿ ನೋಡಿಲ್ಲ.

ಹುರಿಯುವಾಗ ಅಮ್ಮ ಬಾಣಲೆಯನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ ಎಲ್ಲೋ ನೋಡಿಕೊಂಡು ಕೈಯಾಡಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಬಾಣಲೆ ಇಳಿಸಿ, ಅದರಲ್ಲಿದ್ದುದನ್ನು ಮೊರಕ್ಕೆ ಸುರಿಯುತ್ತಿದ್ದಳು. ಆಗ ಮಾತ್ರ ಅದರ ಬಣ್ಣ ನೋಡುತ್ತಿದ್ದಳು. ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ, ಜೀರಿಗೆ, ಎಲ್ಲವನ್ನೂ ಹೀಗೆಯೇ. ಎದುರುಮನೆಯವರು ಅಮ್ಮನ ಪುಡಿಯನ್ನು ಬಟ್ಟಲಲ್ಲಿ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು.

ಆ ವರ್ಷ ಧನುರ್ಮಾಸದಲ್ಲಿ ಅಮ್ಮನಿಗೆ ಜ್ವರ ಬಂತು. ಹತ್ತು ದಿನ ಮಲಗಿದ್ದಳು. ಜ್ವರ ಬಿಟ್ಟ ಮೇಲೂ ನೆಗಡಿ ಬಹಳ ದಿನ ಉಳಿಯಿತು. ಆಮೇಲೆ ಅದೂ ಹೋಯಿತು. ಅಮ್ಮ ಎಂದಿನಂತೆ ಕೆಲಸಕ್ಕೆ ನಿಂತಳು. ಆದರೆ ಒಂದೆರಡು ಹೊಸ ಅಭ್ಯಾಸಗಳು ಬಂದವು. ಹಾಲು ಕಾಯಿಸುವಾಗ ಒಲೆ ಬಿಟ್ಟು ಕದಲುತ್ತಿರಲಿಲ್ಲ. ಬೆಣ್ಣೆ ಕಾಯಿಸುವ ದಿನ ನನ್ನನ್ನು ಕರೆದು, "ತುಪ್ಪ ಆಯ್ತೇನೇ, ನೋಡು" ಅನ್ನುತ್ತಿದ್ದಳು. ನನಗೆ ಅಡುಗೆ ಕಲಿಸುತ್ತಿದ್ದಾಳೆ ಎಂದುಕೊಂಡು ನಾನು ಬೇಸರಪಟ್ಟೆ.

ಪುಡಿ ಹುರಿಯಲು ಹಿಡಿದದ್ದು ಒಂದು ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ ಬಂದಾಗ ಗೇಟಿನ ಹತ್ತಿರವೇ ಸೀದ ವಾಸನೆ ಹೊಡೆಯಿತು. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದರು. ಅಡುಗೆಮನೆಯಲ್ಲಿ ತೆಳು ಹೊಗೆ ತುಂಬಿತ್ತು. ಅಮ್ಮ ಪಂಪ್ ಸ್ಟವ್ ಮುಂದೆ ನಿಂತು, ಕಿಟಕಿಯಾಚೆ ನೋಡುತ್ತ ನಿಧಾನವಾಗಿ ಕೈಯಾಡಿಸುತ್ತಿದ್ದಳು. ಬಾಣಲೆಯಲ್ಲಿದ್ದ ಮೆಂತ್ಯ ಕಪ್ಪಗಾಗಿತ್ತು.

"ಅಮ್ಮಾ, ಸೀದುಹೋಗಿದೆ" ಅಂದೆ.

ಅವಳು ಬಾಣಲೆ ನೋಡಿದಳು. ಸ್ಟವ್ ಆರಿಸಿದಳು. ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಉಗಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಬೇರೆ ಯಾರದ್ದೋ ಸುದ್ದಿ ಹೇಳುವ ಹಾಗೆ ಹೇಳಿದಳು: "ನಂಗೆ ವಾಸನೆ ಬರಲ್ಲ ಕಣೇ. ಜ್ವರ ಬಂದಾಗಿಂದ ಇಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾ ಇದೀನಿ."

"ಒಂಚೂರೂ ಬರಲ್ವಾ?"

"ಇಂಗಿನ ಡಬ್ಬಿಗೆ ಮೂಗಿಟ್ಟು ನೋಡಿದೆ. ಅದೂ ಇಲ್ಲ."

"ಅಜ್ಜಿಗೆ ಹೇಳೋಣ್ವಾ?"

"ಬೇಡ. ಅವರಿಗೂ ಹೇಳಬೇಡ, ನಿಮ್ಮಪ್ಪಂಗೂ ಹೇಳಬೇಡ. ಇಷ್ಟು ವರ್ಷ ಈ ಮನೇಲಿ ಯಾರೂ ನನ್ನ ಅಡುಗೇಲಿ ಕೈ ಹಾಕಿಲ್ಲ. ಈಗ ಹಾಕೋದು ಬೇಡ."

ನಾವಿಬ್ಬರೂ ಸೇರಿ ಸೀದ ಮೆಂತ್ಯವನ್ನು ಹಿತ್ತಿಲಲ್ಲಿ ಹೂತೆವು. ಕಿಟಕಿ, ಬಾಗಿಲು ತೆರೆದು ಹೊಗೆ ಹೋಗಲು ಬಿಟ್ಟೆವು. ಅಮ್ಮ ಬಾಣಲೆ ತಿಕ್ಕಿ ಮತ್ತೆ ಒಲೆಗಿಟ್ಟಳು. ನನ್ನನ್ನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂರಿಸಿದಳು. ಮೊದಲು ಕೊತ್ತಂಬರಿ ಬೀಜ ಹಾಕಿದಳು.

"ಈಗ ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ನಂಗೇನು ಗೊತ್ತಾಗುತ್ತೆ? ಏನು ಥರ ಇದೆ ಅಂತ ಹೇಳು."

ನಾನು ಯೋಚಿಸಿದೆ. "ಒಣಗಿದ ಹುಲ್ಲಿನ ಥರ."

"ಹಂಗಾದ್ರೆ ಇನ್ನೂ ಹಸಿ." ಮತ್ತೆ ಕೈಯಾಡಿಸಿದಳು. "ಈಗ?"

"ಕಿತ್ತಲೆ ಸಿಪ್ಪೆ ಥರ. ಸ್ವಲ್ಪ ಬಿಸ್ಕತ್ತಿನ ಥರಾನೂ ಇದೆ."

ಅಮ್ಮ ತಟ್ಟನೆ ಇಳಿಸಿದಳು. ಮೊರಕ್ಕೆ ಸುರಿದು, ನಾಲ್ಕು ಬೀಜ ಹಲ್ಲಲ್ಲಿ ಕಚ್ಚಿ, ತಲೆ ಆಡಿಸಿದಳು. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ನನಗೆ ಭಯವಿತ್ತು. ಅವಳು ಆಗಲೇ ಜೀರಿಗೆ ಹಾಕಿದ್ದಳು. ಮೆಂತ್ಯ ಎರಡನೇ ಸಲ ಹುರಿಯುವಾಗ ಮಾತ್ರ ಇಬ್ಬರೂ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬರುವಷ್ಟರಲ್ಲಿ ನಾನು ಕೆಮ್ಮಿ ಕೆಮ್ಮಿ ಸುಸ್ತಾಗಿದ್ದೆ. ಅಮ್ಮನಿಗೆ ಘಾಟು ಮಾತ್ರ ತಗಲುತ್ತಿತ್ತು, ಅವಳೂ ಕೆಮ್ಮಿದಳು. ಅಜ್ಜಿ ದೇವಸ್ಥಾನದಿಂದ ಬಂದಾಗ ಎಲ್ಲವೂ ಹಳೇ ಪಂಚೆಯ ಮೇಲೆ ಆರುತ್ತಿತ್ತು.

ಸೋಮವಾರ ಸಂಜೆ ಹೊಸಹಳ್ಳಿಯ ಕಡೆಯ ಮಿಷನ್ನಿಗೆ ಹೋಗಿ ಬೀಸಿಸಿಕೊಂಡು ಬಂದೆವು. ಬಿಸಿ ಪುಡಿ ಕೊಳವೆಯಿಂದ ಇಳಿದಾಗ ಅಮ್ಮ ಪ್ರತಿವರ್ಷ ಒಂದು ಚಿಟಿಕೆ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಆ ವರ್ಷವೂ ಹಿಡಿದಳು. ಮಿಷನ್ನಿನವರು, "ಸರಿ ಇದೆಯಾ ಅಮ್ಮಾ?" ಅಂತ ಕೇಳಿದರು. ಅಮ್ಮ ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ. "ಸರಿ ಇದೆ" ಅಂದಳು.

ಮಾರನೆಯ ದಿನ ಆ ಪುಡಿಯಿಂದ ಹುಳಿ ಆಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಪ್ಪ ಪೇಪರು ನೋಡಿಕೊಂಡೇ ಊಟ ಮಾಡಿ ಎದ್ದರು. ಅಜ್ಜಿ ಎರಡನೇ ತುತ್ತಿಗೆ ಕೈ ನಿಲ್ಲಿಸಿದರು. ಅಮ್ಮ ಬಡಿಸುವ ಸೌಟು ಹಿಡಿದು ನಿಂತೇ ಇದ್ದಳು. ಅಜ್ಜಿ ಮತ್ತೆ ಅನ್ನ ಕಲಸಿಕೊಂಡು ಊಟ ಮುಂದುವರಿಸಿದರು.

ಮಧ್ಯಾಹ್ನ ಅಮ್ಮ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಾಗ ಅಜ್ಜಿ ನನ್ನನ್ನು ಕುರ್ಚಿಯ ಹತ್ತಿರ ಕರೆದರು. ಆವತ್ತು ನಮಗೆ ಯಾವುದಕ್ಕೋ ರಜೆ ಇತ್ತು.

"ಎಷ್ಟು ದಿನದಿಂದ ಅವಳಿಗೆ ವಾಸನೆ ಬರ್ತಾ ಇಲ್ಲ?"

ನಾನು ಹಿತ್ತಿಲ ಬಾಗಿಲ ಕಡೆ ನೋಡಿದೆ.

"ಹೇಳಬೇಡ ಅಂದಿದಾಳೆ ಅಲ್ವಾ? ಸರಿ, ಹೇಳಬೇಡ. ಹೋದ ತಿಂಗಳು ಸ್ಟವ್‌ನಿಂದ ಸೀಮೆಎಣ್ಣೆ ಸೋರಿ ಮನೆಯೆಲ್ಲಾ ನಾರ್ತಿತ್ತು. ಇವಳು ಅದರ ಪಕ್ಕದಲ್ಲೇ ಕೂತು ಅಕ್ಕಿ ಆರಿಸ್ತಾ ಇದ್ಲು. ಆವತ್ತೇ ಅಂದ್ಕೊಂಡೆ." ಸ್ವಲ್ಪ ಹೊತ್ತು ಬತ್ತಿ ಹೊಸೆದು ಮತ್ತೆ ಹೇಳಿದರು: "ನಂಗೆ ಗೊತ್ತು ಅನ್ನೋದು ಅವಳಿಗೆ ಗೊತ್ತಾಗಬಾರದು ಮಗು. ಬೇಜಾರು ಮಾಡ್ಕೋತಾಳೆ."

ಹೀಗೆ ನನ್ನ ಹತ್ತಿರ ಎರಡು ಗುಟ್ಟುಗಳಾದವು. ಒಂದನ್ನು ಅಜ್ಜಿಗೆ ಹೇಳುವಂತಿರಲಿಲ್ಲ, ಇನ್ನೊಂದನ್ನು ಅಮ್ಮನಿಗೆ.

ಅದಾದ ಮೇಲೆ ಅಜ್ಜಿ ಬದಲಾದರು. ಅಡುಗೆಮನೆಯ ವಿಷಯದಲ್ಲಿ ತುಟಿ ಬಿಚ್ಚದವರು ನಡುಮನೆಯಿಂದಲೇ ಮಾತಾಡತೊಡಗಿದರು. "ಹಾಲು ತಳ ಹಿಡೀತಿದೆ ಅನ್ಸುತ್ತೆ." "ತುಪ್ಪ ಘಮ್ ಅಂತಿದೆ, ಇಳಿಸಬಹುದೇನೋ." "ನಿನ್ನೆ ಸಾರು ಹಳಸಿದೆ ನೋಡು, ಇಲ್ಲಿಗೇ ಬರ್ತಿದೆ." ಇದೆಲ್ಲ ಅಮ್ಮನಿಗೆ ಉಪಯೋಗವಾಗುತ್ತಿತ್ತು, ಆದರೆ ಸಿಟ್ಟೂ ಬರುತ್ತಿತ್ತು.

"ಇವರಿಗೇನಾಗಿದೆಯೋ ಗೊತ್ತಿಲ್ಲ" ಎಂದು ಒಂದು ದಿನ ನನ್ನ ಜಡೆ ಹೆಣೆಯುತ್ತ ಗೊಣಗಿದಳು. "ಹದಿನಾಲ್ಕು ವರ್ಷ ಸುಮ್ನಿದ್ದೋರು ಈಗ ಎಲ್ಲದಕ್ಕೂ ಬಾಯಿ ಹಾಕ್ತಾರೆ."

ಜಡೆ ಆವತ್ತು ಬಹಳ ಬಿಗಿಯಾಗಿತ್ತು.

ಮುಂದಿನ ವರ್ಷದ ಶಿವರಾತ್ರಿಯ ಹೊತ್ತಿಗೂ ಅಮ್ಮನಿಗೆ ವಾಸನೆ ಬಂದಿರಲಿಲ್ಲ. ಅಷ್ಟರಲ್ಲಿ ಅವಳು ಕೊತ್ತಂಬರಿ ಬೀಜದ ಚಟಪಟ ಸದ್ದು, ಬೇಳೆಯ ಬಣ್ಣ, ಜೀರಿಗೆ ಬೆರಳಿಗೆ ಪುಡಿಯಾಗುವ ರೀತಿ, ಇವನ್ನೆಲ್ಲ ನೋಡಿಕೊಳ್ಳಲು ಕಲಿತಿದ್ದಳು. ಆದರೂ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಸ್ಟವ್ ಹಚ್ಚಿದ ಮೇಲೆ ನಡುಮನೆಯಲ್ಲಿ ಏನೋ ಎಳೆಯುವ ಸದ್ದಾಯಿತು. ಅಜ್ಜಿ ಬೆತ್ತದ ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೆ ಎಳೆದು ತಂದು ಕೂತರು.

"ಆ ಮಗೂಗೆ ಪರೀಕ್ಷೆ ಇದೆ. ಓದ್ಕೊಳ್ಳಲಿ ಬಿಡು" ಅಂದರು.

ಅಮ್ಮ ಅವರನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ತಲೆ ಬಗ್ಗಿಸಿಕೊಂಡೆ. ನಾನೇ ಹೇಳಿಬಿಟ್ಟೆ ಎಂದು ಆ ಗಳಿಗೆಯಲ್ಲಿ ಅವಳು ಅಂದುಕೊಂಡಿರಬಹುದು. "ಎದ್ದು ಹೋಗು" ಅಂದಳು. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದು ಕೂತೆ, ಓದಲಿಲ್ಲ. ಬಹಳ ಹೊತ್ತು ಸೌಟಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಅಜ್ಜಿಯ ದನಿ ಕೇಳಿಸಿತು.

"ಆಯ್ತು. ಇಳಿಸು."

ಬಾಣಲೆ ಇಳಿಸಿದ ಸದ್ದು. ಮತ್ತೆ ಒಂದಿಷ್ಟು ಹೊತ್ತು.

"ಮೆಂತ್ಯ ಹಾಕ್ಲಾ ಅತ್ತೆ?"

"ಹಾಕು. ಉರಿ ಸಣ್ಣಗಿರಲಿ."

ಅವರಿಬ್ಬರೂ ಈ ವಿಷಯವನ್ನು ಬಾಯಿಬಿಟ್ಟು ಮಾತಾಡಿದ್ದು ನನಗೆ ಗೊತ್ತಿಲ್ಲ. ಅಪ್ಪನಿಗೆ ಮಾತ್ರ ಅಮ್ಮ ಯಾವಾಗಲೋ ಹೇಳಿದಳು. ಅವರು, "ಡಾಕ್ಟರಿಗೆ ತೋರಿಸೋಣ" ಅಂದರು, ತೋರಿಸಿದರು. ಕಾಯಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು.

ಮೂರನೇ ವರ್ಷ ವಾಸನೆ ಅರ್ಧಂಬರ್ಧ ತಿರುಗಿ ಬಂತು. ಮೊದಲು ಕಾಫಿ, ಆಮೇಲೆ ಸೀಮೆಎಣ್ಣೆ, ಬಹಳ ದಿನಗಳ ನಂತರ ಮಸಾಲೆ ಪದಾರ್ಥಗಳು. ಅಮ್ಮ ನನಗೊಬ್ಬಳಿಗೇ ಹೇಳಿದಳು. ಆ ವರ್ಷವೂ ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಅದು ಆಯ್ತು, ಇದು ಆಯ್ತು ಎಂದು ಹೇಳುತ್ತಲೇ ಇದ್ದರು. ವಯಸ್ಸಾಗಿ ಅವರ ಅಂದಾಜು ತಪ್ಪುತ್ತಿತ್ತು. ಒಮ್ಮೊಮ್ಮೆ ಅವರು ಹೇಳುವ ಮೊದಲೇ ಅಮ್ಮ ಉರಿ ತಗ್ಗಿಸಿ, ಅವರ ಮಾತು ಬರುವ ತನಕ ಸುಮ್ಮನೆ ಕೈಯಾಡಿಸುತ್ತಿದ್ದಳು.

"ವಾಸನೆ ಬಂತು ಅಂತ ಅಜ್ಜಿಗೆ ಹೇಳಬಾರದಾ?" ಎಂದು ಕೇಳಿದೆ.

"ಕೂತ್ಕೊಳ್ಳಲಿ ಬಿಡು" ಅಂದಳು.