ಗುಬ್ಬಿಯ ಏಳನೇ ನಂಬರು

ತಪ್ಪು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಾಪ ಅನ್ನಬಾರದು.

ಎರಡು ಸಾವಿರದ ಇಸವಿ ದಾಟಿದ ಹೊಸತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಭಾವ, ಅಂದರೆ ಅಕ್ಕನ ಗಂಡ, ರಕ್ತಪರೀಕ್ಷೆಯ ಸಣ್ಣ ಲ್ಯಾಬ್ ನಡೆಸುತ್ತಿದ್ದರು. ಗುಬ್ಬಿ, ಕುಣಿಗಲ್ಲಿನ ಸ್ಯಾಂಪಲ್ಲುಗಳೂ ಬೆಳಗಿನ ಬಸ್ಸಿಗೆ ಡಬ್ಬಿಯಲ್ಲಿ ಬರುತ್ತಿದ್ದವು. ಡಬ್ಬಿಯ ಮೇಲೆ ಊರಿನ ಹೆಸರಿದ್ದರೂ ಒಳಗೆ ಊರು ಬರೆದ ಅದರದೇ ಚೀಟಿ ಇರಲೇಬೇಕೆಂಬುದು ಭಾವನ ಹಟ. "ಯಾವ್ ಊರಿನ್ ಡಬ್ಬಿ ಅಂತ ಗೋಡೆ ಮೇಲೆ ಒಂದ್ ಬೋರ್ಡಲ್ಲಿ ಬರೆದ್ರೆ ಸಾಲ್ದಾ?" ಎಂದು ನಾನು ನಗುತ್ತಿದ್ದೆ.

"ಬೋರ್ಡ್ ಯಾರ್ ಬೇಕಾದ್ರೂ ಅಳಿಸ್ತಾರೆ ಕಣಮ್ಮ," ಅನ್ನುತ್ತಿದ್ದರು.

ಆಗ ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ರಿಪೋರ್ಟು ಅಚ್ಚುಹಾಕುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದುಕೊಟ್ಟೆ. ಹೊಸದಾಗಿ ಥ್ರೆಡ್ ಕಲಿತಿದ್ದೆ, ಕೈ ಸುಮ್ಮನಿರಲಿಲ್ಲ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಬೇರೆ ಬೇರೆ ಕೆಲಸಗಳು. ತುಮಕೂರೂ ಸೇರಿ ಊರಿಗೊಂದರಂತೆ ಮೂರು, ನಿನ್ನ ಊರು ಯಾವುದು ಎಂದು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಬೇಕು. ನಾನು ಸಂಖ್ಯೆ ಕೊಡಲಿಲ್ಲ, ಅದನ್ನಿಟ್ಟ ಜಾಗದ ವಿಳಾಸ ಕೊಟ್ಟೆ. ಮೂರಕ್ಕೂ ಒಂದೇ ಜಾಗ, ಭಾವ ಬೇಡವೆಂದ ಬೋರ್ಡಿನ ಹಾಗೆ; ಮುಂದಿನ ಊರು ಶುರುವಾಗುವಾಗ ಹಿಂದಿನ ಸಂಖ್ಯೆ ಅಳಿದು ಅಲ್ಲೇ ಹೊಸದು ಬೀಳುತ್ತಿತ್ತು. ಗುಬ್ಬಿಯ ಥ್ರೆಡ್ ಊರು, ರೋಗಿಗಳ ಹೆಸರು ಹಾಕಿ ಫಲಿತಾಂಶಕ್ಕಾಗಿ ಮತ್ತೊಮ್ಮೆ ನೋಡುವಷ್ಟರಲ್ಲಿ, ಒಮ್ಮೊಮ್ಮೆ, ಅಲ್ಲಿ ಕುಣಿಗಲ್ಲಿನ ಸಂಖ್ಯೆ ಬಂದು ಕೂತಿರುತ್ತಿತ್ತು.

ಓಡಿಸಿ ನೋಡುವಾಗ ಒಂದೇ ಒಂದು ಸಲ, ಗುಬ್ಬಿಯ ಹೆಸರಿನ ಕೆಳಗೆ ಕುಣಿಗಲ್ಲಿನ ಫಲಿತಾಂಶ ಬಂತು. ಮತ್ತೆ ಓಡಿಸಿದೆ, ಸರಿ ಬಂತು. ಹತ್ತು ಸಲ ಓಡಿಸಿದೆ, ಹತ್ತೂ ಸರಿ. ಮೆಷಿನ್ನಿನ ದೋಷವಿರಬೇಕು ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ತಪ್ಪು ಎಲ್ಲೂ ಹೋಗಿರಲಿಲ್ಲ, ಒಳಗೇ ಕೂತಿತ್ತು.

ತಿಂಗಳು ಕಳೆದ ಮೇಲೆ ಗುಬ್ಬಿಯಿಂದ ದೊಡ್ಡಮ್ಮನ ಫೋನು ಬಂತು. ಅವರಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ.

"ನಿನ್ ಕಂಪ್ಯೂಟರ್ ರಿಪೋರ್ಟಲ್ಲಿ ಸಕ್ಕರೆ ನಾರ್ಮಲ್ ಅಂತ ಬಂದಿದೆ ಕಣೇ! ಹದಿನೈದ್ ದಿನದಿಂದ ಮಾತ್ರೆ ಬಿಟ್ಟಿದೀನಿ, ಆರಾಮಾಗಿದೀನಿ. ಕಾಲಲ್ಲೊಂದ್ ಗಾಯ ಆಗಿದೆ, ಅದೊಂದ್ ಮಾಯ್ತಿಲ್ಲ."

ಪಟ್ಟಿ ತೆಗೆದು ನೋಡಿದೆ. ಗುಬ್ಬಿಯ ಏಳನೇ ನಂಬರು ದೊಡ್ಡಮ್ಮ. ಅವರ ಹೆಸರಿನ ಕೆಳಗಿದ್ದದ್ದು ಕುಣಿಗಲ್ಲಿನ ಏಳನೇ ನಂಬರಿನವರ ಫಲಿತಾಂಶ. ಆ ದಿನದ ಗುಬ್ಬಿಯ ರಿಪೋರ್ಟುಗಳೆಲ್ಲ ಹಾಗೇ. ಅಳುತ್ತ ಭಾವನಿಗೆ ಹೇಳಿದೆ. ಅವರು ಬೈಯಲಿಲ್ಲ, ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನು ಮಾಡತೊಡಗಿದರು. ನಾನು ಗುಬ್ಬಿಯ ಬಸ್ಸು ಹತ್ತಿದೆ.

ದೊಡ್ಡಮ್ಮ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು. ಗಾಯದ ಸುತ್ತ ಕಪ್ಪಾಗಿತ್ತು.

"ಆ ರಿಪೋರ್ಟ್ ನಿಮ್ದಲ್ಲ ದೊಡ್ಡಮ್ಮ. ತಪ್ಪು ನಂದು."

"ನೀನ್ ಮಾಡಿದ್ದು ಅಂತ ನಂಬಿದ್ದೆ ಕಣೇ," ಅಂದರು.

ಪ್ರತಿ ಥ್ರೆಡ್ಡಿಗೂ ಅದರದೇ ಸಂಖ್ಯೆ ಸಿಗುವಂತೆ ಮಾಡಲು ಎರಡು ಸಾಲು ತಿದ್ದಿದರೆ ಸಾಕಾಯಿತು. ದೊಡ್ಡಮ್ಮನ ಆ ಕಾಲಿನ ಎರಡು ಬೆರಳು ಹೋದವು. ಏನಾಯಿತೆಂದು ಬಂದವರು ಕೇಳಿದರೆ, ನಾನು ಪಕ್ಕದಲ್ಲಿದ್ದಾಗಲೂ, ದೊಡ್ಡಮ್ಮ "ಮುಳ್ಳು ಚುಚ್ತು" ಅನ್ನುತ್ತಿದ್ದರು. ನಾನು ಒಂದು ದಿನವೂ ಅಲ್ಲ ಅನ್ನಲಿಲ್ಲ.