ತೆಂಗಿನ ದಾಯಾದಿಗಳು

ಮೊನ್ನೆ ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟನ್ನು ಮಗಳು ಮುಂದೆ ತಂದಿಟ್ಟಳು. ಬಾಯಿಗಿಟ್ಟರೆ ಮೊದಲು ಕೊಬ್ಬರಿ, ಆಮೇಲೆ ಉತ್ತತ್ತಿ, ಅದೇ ಒಣಗಿಸಿದ ಖರ್ಜೂರ. ನೀವಾದರೆ ಚಪ್ಪರಿಸಿ ಸುಮ್ಮನಾಗುತ್ತೀರಿ. ನನಗೆ ಮಾತ್ರ ಇವೆರಡರಿಂದ ಕೈತಪ್ಪಲಿದ್ದ ನನ್ನ ಮದುವೆ ನೆನಪಾಗುತ್ತದೆ.

ಎಪ್ಪತ್ತರ ದಶಕದ ಕೊನೆ. ಬಾಗಲಕೋಟೆಯ ಕಾಲೇಜಿನಲ್ಲಿ ಹೊಸದಾಗಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕಂಡ ಗಿಡಕ್ಕೆಲ್ಲ ಕುಟುಂಬ ಹಚ್ಚುವ ಚಟ. ಬಾದಾಮಿಗೆ ಹೋದವರೆಲ್ಲ ಗುಹೆ ನೋಡಿದರೆ ನಾನು ಈಚಲು ಗಿಡ ನೋಡಿ ಬರುತ್ತಿದ್ದೆ. ಇಂಥವನು ಇಳಕಲ್ಲಿಗೆ ಕನ್ಯೆ ನೋಡಲು ಹೋದೆ. ಹುಡುಗಿ ಒಳಬಾಗಿಲಲ್ಲಿ ಒಮ್ಮೆ ನಕ್ಕಳು. ಇವಳೇ ಆಗಬೇಕು ಅನ್ನಿಸಿಬಿಟ್ಟಿತು.

ಒಪ್ಪಬೇಕಾದವರು ಅವಳ ಅಜ್ಜ, ಸೀರೆ ವ್ಯಾಪಾರಿ. ನಮ್ಮ ಕಡೆ ಗೋತ್ರದಂತಿರುವ ಬೆಡಗು ಯಾವುದು, ಮನೆದೇವರು ಯಾರು, ತಾಯಿಯ ತವರು ಹುನಗುಂದದ ಯಾವ ಓಣಿ ಎಂದು ತಾಸುಗಟ್ಟಲೆ ನನ್ನ ಬೇರು ಅಗೆದರು. ಸಸ್ಯಶಾಸ್ತ್ರದವರೂ ಅಷ್ಟು ಆಳಕ್ಕಿಳಿಯುವುದಿಲ್ಲ. ನಾವು ಹೂವು, ಕಾಯಿ ನೋಡಿ ಮುಗಿಸುತ್ತೇವೆ. ಆಮೇಲೆ ಕರದಂಟಿನ ತಾಟು ಬಂತು. "ಕಾಲೇಜಿನ್ಯಾಗ ಏನ ಕಲಸ್ತೀರಿ?" ಎಂದರು.

ಬಾಯಿ ಸುಮ್ಮನಿರಬೇಕಲ್ಲ!

"ಈ ಕೊಬ್ಬರಿ, ಉತ್ತತ್ತಿ, ಅಲ್ಲಿಟ್ಟ ಅಡಿಕಿ, ಎಲ್ಲಾ ಒಂದ ಕುಟುಂಬದವು ಅಜ್ಜಾರ. ಒಂದ ಬೊಡ್ಡಿ, ಟೊಂಗಿ ಇಲ್ಲ, ತುದಿಗೆ ಗರಿ. ಬಾಳಿ ಇದರಾಗ ಬರೂದಿಲ್ಲ. ಸೇಂದಿ ಇಳಸೂ ಈಚಲು ಬರ್ತೈತಿ. ಉತ್ತತ್ತಿಗೆ ಅದು ಖಾಸ ತಮ್ಮ."

ಅಜ್ಜ ತಾಟು ಸರಿಸಿದರು. "ಕಳಸದ ಮ್ಯಾಲ ಕೂಡೂ ಕಾಯಿ, ಸೇಂದಿ ಗಿಡ, ಎರಡೂ ಒಂದ ಮನಿತನಾ? ಏನ್ ಮಾತಾಡ್ತೀರಿ ಮಾಸ್ತರ?"

ಸಮಾಧಾನ ಮಾಡಲು ಹೋಗಿ, ಹುಲ್ಲು ಕೂಡ ಅವುಗಳ ದೂರದ ನೆಂಟ ಎಂದೆ. ಅಜ್ಜ ಎದ್ದೇಬಿಟ್ಟರು.

ಆಗ ಒಳಗಿನಿಂದ ಹುಡುಗಿಯ ದನಿ ಬಂತು: "ಅಜ್ಜಾ, ನೀ ಮುಂಜಾನಿಂದ ದೇವರ ಮನ್ಯಾಗ ಕುಂದರ್ತಿ. ಕಾಕಾ ಸೇಂದಿ ಅಂಗಡ್ಯಾಗ ಕುಂದರ್ತಾನ. ನಿಮ್ಮದೂ ಒಂದ ಮನಿತನ ಅಲ್ಲೇನು?"

ಅಜ್ಜ ಮೆಲ್ಲಗೆ ಕೂತು, ನನ್ನತ್ತ ನೋಡದೆ, "ಈಕಿ ಬಾಯಿ ಮುಚ್ಚಸೂದು ನನ್ನಿಂದ ಆಗೂದಿಲ್ಲ. ನೀವ ಕರಕೊಂಡ ಹೋಗ್ರಿ" ಅಂದರು.

ನಿವೃತ್ತನಾಗುವವರೆಗೆ ತೆಂಗು, ಈಚಲು ಒಂದೇ ಕುಟುಂಬವೆಂದು ಬೋರ್ಡಿನ ಮೇಲೆ ಬರೆದೆ. ಪಾಠ ಹೇಳುವುದು ಸುಲಭ ನೋಡಿ. ಮೊನ್ನೆ ಮಗಳು, ಒಬ್ಬ ಹುಡುಗನನ್ನು ಮೆಚ್ಚಿದ್ದೇನೆ ಎಂದಾಗ 'ಯಾರ ಪೈಕಿ?' ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಕರಕೊಂಡ ಬಾರವಾ," ಅಂದೆ. "ಅವಂಗ ಚಾಕ್ಕ ಸಕ್ಕರಿ ಎಷ್ಟ ಬೇಕಂತ ಕೇಳಿಟ್ಕೋ."